ಹಾಬಿಟನ್, ವೈಟೊಮೊ ಗುಹೆ ಎರಡೂ ಒಂದೇ ದಿನದಲ್ಲಿ: ಚಿಕ್ಕಮ್ಮ ಕೇಳಿದ್ದಕ್ಕೆ

ಚಿಕ್ಕಮ್ಮ, ನಿಮ್ಮ ಮೆಸೇಜ್ ಈಗ ನೋಡಿದೆ. ಮೇ ತಿಂಗಳಲ್ಲಿ ಎಲ್ಲರೂ ಆಕ್ಲೆಂಡ್‌ಗೆ ಬರುತ್ತಿದ್ದೀರಿ. ಒಂದು ದಿನದ ಟೂರ್‌ನಲ್ಲಿ ಹಾಬಿಟನ್ ಸಿನಿಮಾ ಸೆಟ್ಟು (ಲಾರ್ಡ್ ಆಫ್ ದಿ ರಿಂಗ್ಸ್ ಸಿನಿಮಾದ ಹಾಬಿಟ್ ಅನ್ನುವ ಕುಳ್ಳರ ಊರು), ಹೊಳೆಯುವ ಹುಳಗಳಿರುವ ವೈಟೊಮೊ ಗುಹೆ ಎರಡನ್ನೂ ತೋರಿಸುತ್ತಾರಂತೆ, ಹೋಗಬಹುದಾ, ಚಿಕ್ಕಪ್ಪನ ಮಂಡಿಗೆ ಆಗುತ್ತಾ ಅಂತ ಕೇಳಿದ್ದೀರಿ. ಅದರ ಕೆಳಗೇ ಭಾವ, ಟೂರ್ ಯಾಕೆ, ಬಾಡಿಗೆ ಕಾರ್ ತೆಗೆದುಕೊಂಡು ನಾವೇ ಹೋಗಿ ಬರೋಣ ಅಂದಿದ್ದಾರೆ. ದೊಡ್ಡಪ್ಪ ಎಂದಿನಂತೆ, ಪ್ಲೈವುಡ್ ಮನೆ ನೋಡಲು ಅಷ್ಟು ದೂರ ಹೋಗಬೇಕಾ ಅಂತ ಒಂದು ಕಲ್ಲು ಎಸೆದು ಸುಮ್ಮನಾಗಿದ್ದಾರೆ. ಮೂವರಿಗೂ ಒಟ್ಟಿಗೇ ಹೇಳಿಬಿಡುತ್ತೇನೆ. ಉದ್ದ ಆಗುತ್ತದೆ, ಕೆಲಸ ಮಾಡ್ತಾ ಕೇಳಿಸಿಕೊಳ್ಳಿ.

ಹೋಗಿ. ಟೂರ್‌ನಲ್ಲೇ ಹೋಗಿ. ಬಂದಿಳಿದ ಮಾರನೇ ದಿನ ಮಾತ್ರ ಬೇಡ.

ಭಾವನಿಗೆ ಮೊದಲು. ಮೇ ತಿಂಗಳಲ್ಲಿ ನ್ಯೂಜಿಲೆಂಡ್ ನಮ್ಮ ಊರಿಗಿಂತ ಆರೂವರೆ ಗಂಟೆ ಮುಂದಿರುತ್ತದೆ. ಟೂರ್ ಹೊರಡುವುದು ಬೆಳಿಗ್ಗೆ ಏಳರ ಆಸುಪಾಸು. ಅಂದರೆ ನಿಮ್ಮ ಮೈಗೆ ಆಗ ರಾತ್ರಿ ಹನ್ನೆರಡೂವರೆ. ಆ ಹೊತ್ತಲ್ಲಿ ಹೊಸ ದೇಶದಲ್ಲಿ ಕಾರ್ ಓಡಿಸುವುದು ಬೇಕಾ? ರಸ್ತೆಯ ಎಡಗಡೆಯೇ ಓಡಿಸಬೇಕು, ಇಂಗ್ಲಿಷ್‌ನಲ್ಲಿರುವ ನಮ್ಮ ಲೈಸೆನ್ಸ್ ಕೂಡ ಅಲ್ಲಿ ನಡೆಯುತ್ತದೆ, ಅದರಲ್ಲೇನೂ ಕಷ್ಟವಿಲ್ಲ. ಹ್ಯಾಮಿಲ್ಟನ್ ಕಡೆ ಹೋಗುವ ಎಕ್ಸ್‌ಪ್ರೆಸ್‌ವೇ ಕೂಡ ಚೆನ್ನಾಗಿದೆ. ಅದನ್ನು ಬಿಟ್ಟು ಒಳಗೆ ತಿರುಗಿದ ಮೇಲೆ ಎರಡೇ ಲೇನ್, ತಿರುವು, ಗುಡ್ಡ, ಎದುರಿಗೆ ಹಾಲಿನ ಟ್ಯಾಂಕರ್. ಆಕ್ಲೆಂಡ್‌ನಿಂದ ಹಾಬಿಟನ್‌ಗೆ ಸುಮಾರು ಎರಡು ಗಂಟೆ, ಅಲ್ಲಿಂದ ವೈಟೊಮೊಗೆ ಒಂದೂಕಾಲು ಗಂಟೆಯ ಮೇಲೆ, ವಾಪಸ್ ಬರಲು ಎರಡೂವರೆ. ಒಂದೇ ದಿನದಲ್ಲಿ ಆರು ಗಂಟೆ ಸ್ಟೀರಿಂಗ್ ಹಿಡಿದಿರಬೇಕು. ಗುಹೆಯಿಂದ ಹೊರಡುವಾಗ ಕಣ್ಣು ಎಳೆಯುತ್ತಿರುತ್ತದೆ. ಮೇನಲ್ಲಿ ಐದೂವರೆಗೆಲ್ಲ ಕತ್ತಲಾಗುತ್ತದೆ.

ಇನ್ನೊಂದು ವಿಷಯ. ಸ್ವಂತ ಕಾರ್‌ನಲ್ಲಿ ಹೋದರೂ ನೀವು ಸ್ವತಂತ್ರರಲ್ಲ. ಹಾಬಿಟನ್ ಸೆಟ್ಟಿನ ಒಳಗೆ ಗೈಡ್ ಇಲ್ಲದೆ ಬಿಡುವುದೇ ಇಲ್ಲ, ವೈಟೊಮೊದ ಗ್ಲೋವರ್ಮ್ (ಹೊಳೆಯುವ ಹುಳ) ಗುಹೆಗೂ ಹಾಗೇ. ಎರಡಕ್ಕೂ ಟೈಮ್ ಹಾಕಿದ ಟಿಕೆಟ್. ದಾರಿಯಲ್ಲಿ ಮಕ್ಕಳಿಗೆ ವಾಂತಿ ಬಂತು, ಚಿಕ್ಕಪ್ಪನಿಗೆ ಕಾಫಿ ಬೇಕಾಯಿತು ಅಂತ ನಿಲ್ಲಿಸುತ್ತಾ ಹೋದರೆ ಅತ್ತ ಸ್ಲಾಟ್ ತಪ್ಪುತ್ತದೆ. ಟೂರ್‌ಗೆ ಕೊಡುವ ಹೆಚ್ಚಿನ ದುಡ್ಡು ಈ ಗಡಿಯಾರ ನೋಡುವ ಕೆಲಸವನ್ನು ಬೇರೆಯವರ ತಲೆಗೆ ಕಟ್ಟಲು ಅಂತ ಅಂದುಕೊಳ್ಳಿ. ಬಸ್ಸಿನಲ್ಲಿ ಹಾಯಾಗಿ ನಿದ್ದೆ ಮಾಡಬಹುದು.

ಆದರೆ ಬೆಳಿಗ್ಗೆ ಮೊದಲ ಮುಕ್ಕಾಲು ಗಂಟೆ ಎಚ್ಚರ ಇರಿ. ಆಕ್ಲೆಂಡ್‌ನ ದಕ್ಷಿಣಕ್ಕೆ ಬಾಂಬೆ ಅಂತ ಒಂದು ಊರು ಸಿಗುತ್ತದೆ, ನಿಜವಾಗಿಯೂ ಬೋರ್ಡ್ ಹಾಗೇ ಇದೆ. 1860ರ ದಶಕದಲ್ಲಿ ವಲಸೆ ಬಂದವರನ್ನು ಹೊತ್ತು ತಂದ ಹಡಗಿನ ಹೆಸರು ಬಾಂಬೆ, ಅದನ್ನೇ ಊರಿಗೂ ಇಟ್ಟರು. ಆಚೆಗೆ ವೈಕಾಟೊ ನದಿ ಜೊತೆಯಾಗುತ್ತದೆ. 425 ಕಿಲೋಮೀಟರ್, ಆ ದೇಶದ ಅತಿ ಉದ್ದದ ನದಿ.

ಈಗ ದೊಡ್ಡಪ್ಪನ ಪ್ಲೈವುಡ್. ದೊಡ್ಡಪ್ಪ, ಮೊದಲ ಸಲ ಕಟ್ಟಿದ್ದು ನೀವು ಹೇಳಿದ ಹಾಗೇ ಇತ್ತು. ಲಾರ್ಡ್ ಆಫ್ ದಿ ರಿಂಗ್ಸ್ ನಿರ್ದೇಶಕ ಪೀಟರ್ ಜಾಕ್ಸನ್ ತಂಡದವರು 1998ರಲ್ಲಿ ವಿಮಾನದಿಂದ ಜಾಗ ಹುಡುಕುವಾಗ ಮಾಟಮಾಟ ಅನ್ನುವ ಊರಿನ ಹತ್ತಿರ ಒಂದು ಕುರಿ ಫಾರ್ಮ್ ಕಣ್ಣಿಗೆ ಬಿತ್ತು. ಸುಮಾರು 1,250 ಎಕರೆ. ಸುತ್ತ ಎಲ್ಲಿ ನೋಡಿದರೂ ಕರೆಂಟ್ ಕಂಬ ಇಲ್ಲ, ಡಾಂಬರು ರಸ್ತೆ ಇಲ್ಲ. ಅವರಿಗೆ ಬೇಕಾಗಿದ್ದೂ ಅದೇ. 1999ರ ಮಾರ್ಚ್‌ನಲ್ಲಿ ಕೆಲಸ ಶುರುವಾಯಿತು. ಒಳಗೆ ಹೋಗಲು ಒಂದೂವರೆ ಕಿಲೋಮೀಟರ್ ರಸ್ತೆ ಮಾಡಿಕೊಟ್ಟದ್ದು ಆ ದೇಶದ ಸೈನ್ಯ! ಮರ, ಪ್ಲೈವುಡ್, ಥರ್ಮೋಕೋಲ್‌ನಲ್ಲಿ 39 ಮನೆಗಳ ಮುಖ ಮಾತ್ರ ಎದ್ದವು. ಮೂರು ತಿಂಗಳ ಶೂಟಿಂಗ್ ಮುಗಿದ ಮೇಲೆ ಕೆಡವಲು ಶುರು ಮಾಡಿದರು. ನಮ್ಮ ರಾಮನಗರದಲ್ಲಿ ಶೋಲೆಗೆ ಕಟ್ಟಿದ ಊರು ಹೋಗಿ ಬಂಡೆ ಮಾತ್ರ ಉಳಿಯಿತಲ್ಲ, ಇಲ್ಲೂ ಗುಡ್ಡ ಮಾತ್ರ ಉಳಿಯಬೇಕಿತ್ತು. ಆದರೆ ಕೆಲವು ಬಾಗಿಲು ಹಾಗೇ ನಿಂತಿದ್ದವು. 2002ರಿಂದ ಆ ಬೋಳು ಬಾಗಿಲು ನೋಡಲೇ ಜನ ಬರತೊಡಗಿದರು. ಆಮೇಲೆ ದಿ ಹಾಬಿಟ್ ಸಿನಿಮಾಗಳಿಗೆ ಮತ್ತೆ ಸೆಟ್ ಬೇಕಾಯಿತು. ಈ ಸಲ ಫಾರ್ಮ್‌ನವರು ಜಾಣರಾಗಿದ್ದರು. 2009ರಿಂದ ಎರಡು ವರ್ಷ ತೆಗೆದುಕೊಂಡು ಗಟ್ಟಿ ಸಾಮಾನಿನಲ್ಲೇ ಕಟ್ಟಿಸಿದರು. ಈಗ ಇರುವುದು 44 ಮನೆ, ಪ್ಲೈವುಡ್ ಅಲ್ಲ.

ಸಿನಿಮಾ ನೋಡಿಲ್ಲದವರಿಗೆ ಏನಿದೆ ಅಂತ ಚಿಕ್ಕಮ್ಮ ಕೇಳಬಹುದು. ನನ್ನನ್ನು ಕೇಳಿದರೆ, ಕಥೆ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಅಲ್ಲಿನ ಕಣ್ಕಟ್ಟು ನೋಡಲು ಹೋಗಬೇಕು. ಎಲ್ಲ ಬಾಗಿಲೂ ಒಂದೇ ಅಳತೆ ಅಲ್ಲ. ಕೆಲವು ತೀರಾ ಚಿಕ್ಕವು, ಪಕ್ಕದಲ್ಲಿ ನಿಂತ ಮನುಷ್ಯ ದೈತ್ಯನಂತೆ ಕಾಣಲಿ ಅಂತ. ಕೆಲವು ದೊಡ್ಡವು, ಅದರ ಮುಂದೆ ಅದೇ ಎತ್ತರದ ನಟ ಕುಳ್ಳನಾಗುತ್ತಾನೆ. ಮೊಮ್ಮಕ್ಕಳನ್ನು ಒಂದೊಂದು ಬಾಗಿಲ ಮುಂದೆ ನಿಲ್ಲಿಸಿ ಫೋಟೋ ತೆಗೆಯಿರಿ, ಎತ್ತರ ಬದಲಾಗುತ್ತಾ ಹೋಗುತ್ತದೆ. ಗುಡ್ಡದ ತುದಿಯಲ್ಲಿರುವ ಮುಖ್ಯ ಮನೆಯ ಮೇಲೆ ಒಂದು ಓಕ್ ಮರ ಇದೆ. ಮೊದಲ ಸಿನಿಮಾಗಳಿಗೆ ಹತ್ತಿರದಲ್ಲೇ ಇದ್ದ ನಿಜವಾದ ಮರ ಕಡಿದು, ಒಂದೊಂದು ಕೊಂಬೆಗೂ ನಂಬರ್ ಹಾಕಿ, ತಂದು ಮತ್ತೆ ಬೋಲ್ಟ್ ಹಾಕಿ ಜೋಡಿಸಿದರಂತೆ, 26 ಟನ್. ಎಲೆ ಮಾತ್ರ ತೈವಾನ್‌ನಿಂದ ತರಿಸಿದ್ದು, ಒಂದೊಂದನ್ನೂ ಕೈಯಲ್ಲೇ ತಂತಿ ಹಾಕಿ ಕಟ್ಟಿದ್ದು. ಎರಡನೇ ಸಲ ಕಡಿಯುವ ಗೋಜೇ ಬೇಡ ಅಂತ ಇಡೀ ಮರವನ್ನೇ ಉಕ್ಕು, ಸಿಲಿಕೋನ್‌ನಲ್ಲಿ ಮಾಡಿದರು. ಕೆಳಗೆ ಕೆರೆ ಹತ್ತಿರ ಇರುವ ದೊಡ್ಡ ಪೈನ್ ಮರ ಮಾತ್ರ ಅಸಲಿ. ತೋಟದ ತರಕಾರಿ, ಹೂವು ಅಸಲಿ, ಅದಕ್ಕೆಂದೇ ಮಾಲಿಗಳಿದ್ದಾರೆ. ಯಾವುದು ಅಸಲಿ, ಯಾವುದು ನಕಲಿ ಅಂತ ಊಹಿಸುತ್ತಾ ನಡೆದರೆ ಮಕ್ಕಳಿಗೆ ಬೇಜಾರೇ ಆಗುವುದಿಲ್ಲ.

ಮನೆಗಳ ಒಳಗೆ ಏನೂ ಇಲ್ಲ ಅಂತ ಮೊದಲು ಎಲ್ಲರೂ ಗೊಣಗುತ್ತಿದ್ದರು. ಒಳಾಂಗಣದ ಶೂಟಿಂಗ್ ನಡೆದದ್ದು ವೆಲ್ಲಿಂಗ್ಟನ್‌ನ ಸ್ಟುಡಿಯೋದಲ್ಲಿ. 2023ರ ಡಿಸೆಂಬರ್‌ನಿಂದ ಎರಡು ಮನೆಗಳನ್ನು ಪೂರ್ತಿ ಒಳಗಿನಿಂದ ಸಜ್ಜು ಮಾಡಿ ತೆರೆದಿದ್ದಾರೆ. ಅಡುಗೆಮನೆ, ಮಲಗುವ ಕೋಣೆ ಎಲ್ಲ ಇದೆ, ಸಾಮಾನು ಮುಟ್ಟಬಹುದು, ಹಾಸಿಗೆ ಮೇಲೆ ಕೂರಬಹುದು. ಚಿಕ್ಕಮ್ಮ, ನಿಮಗೆ ಆ ಅಡುಗೆಮನೆ ಹಿಡಿಸುತ್ತದೆ. ಕೊನೆಗೆ ಗ್ರೀನ್ ಡ್ರ್ಯಾಗನ್ ಅನ್ನುವ ಪಬ್‌ನಲ್ಲಿ ಕುಡಿಯಲು ಒಂದು ಮಗ್ ಟಿಕೆಟ್ ಲೆಕ್ಕದಲ್ಲೇ ಕೊಡುತ್ತಾರೆ. ಜಿಂಜರ್ ಬಿಯರ್‌ನಲ್ಲಿ ಆಲ್ಕೋಹಾಲ್ ಇಲ್ಲ, ಧೈರ್ಯವಾಗಿ ತೆಗೆದುಕೊಳ್ಳಿ. ಸೈಡರ್ ಅಂದರೆ ಸೇಬಿನ ಜ್ಯೂಸ್ ಅಂದುಕೊಂಡು ಚಿಕ್ಕಪ್ಪ ಕೈ ಹಾಕಿದರೆ ಅದರಲ್ಲಿ ಇದೆ. ಅವರಿಗೆ ಗೊತ್ತಿದ್ದೂ ಹಾಕಬಹುದು, ಅದು ಬೇರೆ ವಿಷಯ.

ಗುಹೆಯ ಬಗ್ಗೆ ನಿಧಾನಕ್ಕೆ ಹೇಳಬೇಕು. ಯಾಕೆಂದರೆ ಟೂರ್‌ನವರ ಫೋಟೋ ನೋಡಿ ಹೋದವರು ಮೊದಲ ಹತ್ತು ನಿಮಿಷ ಇಷ್ಟೇನಾ ಅಂತಾರೆ. ಇಡೀ ಗುಹೆ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಹಾಬಿಟನ್‌ನಲ್ಲಿ ಎರಡು ಗಂಟೆ ಅಡ್ಡಾಡಿ ಬಂದವರಿಗೆ ಇದು ಕಡಿಮೆ ಅನ್ನಿಸುತ್ತದೆ. ಆದರೂ ನನ್ನ ಲೆಕ್ಕದಲ್ಲಿ ಆ ದಿನದ ಅಸಲು ಇದೇ.

ಮೇಲಿನ ಬಾಗಿಲಿನಿಂದ ಒಳಗೆ ಇಳಿಯುತ್ತೀರಿ. ಸುಮಾರು 3 ಕೋಟಿ ವರ್ಷ ಹಿಂದೆ ಸಮುದ್ರದ ತಳದಲ್ಲಿ ಚಿಪ್ಪು, ಮೂಳೆ ಸೇರಿ ಆದ ಸುಣ್ಣದಕಲ್ಲು ಅದು. ಮೇಲಿಂದ ಇಳಿಬಿದ್ದ ಕಲ್ಲಿನ ಕೋಲುಗಳನ್ನು ದಯವಿಟ್ಟು ಯಾರೂ ಮುಟ್ಟಬೇಡಿ. ನೂರು ವರ್ಷಕ್ಕೆ ಒಂದು ಘನ ಸೆಂಟಿಮೀಟರ್‌ನಷ್ಟು ಬೆಳೆಯುತ್ತವೆ ಅಂತ ಗೈಡ್ ಹೇಳುತ್ತಾರೆ. ಮುಂದೆ ಚಾವಣಿ ಎತ್ತರವಾಗಿರುವ ಒಂದು ಹಜಾರ ಸಿಗುತ್ತದೆ, ಸುಮಾರು 18 ಮೀಟರ್. ಅಲ್ಲಿ ದನಿ ತುಂಬಾ ಚೆನ್ನಾಗಿ ಕೇಳಿಸುತ್ತದೆ. ನ್ಯೂಜಿಲೆಂಡ್‌ನ ಒಪೆರಾ ಗಾಯಕಿ ಕಿರಿ ಟೆ ಕಾನಾವಾ ಕೂಡ ಅಲ್ಲಿ ಹಾಡಿದ್ದಾರೆ. ಯಾರಾದರೂ ಹಾಡುತ್ತೀರಾ ಅಂತ ಗೈಡ್ ಕೇಳುತ್ತಾರೆ. ಚಿಕ್ಕಮ್ಮ, ನಾಚಿಕೊಂಡು ಹಿಂದೆ ನಿಲ್ಲಬೇಡಿ. ಒಂದು ದೇವರನಾಮ ಹೇಳಿಬಿಡಿ.

ಆಮೇಲೆ ದೋಣಿ. ಲೈಟ್ ಇಲ್ಲ, ಮೋಟಾರ್ ಇಲ್ಲ. ಗೈಡ್ ಎದ್ದು ನಿಂತು ಮೇಲೆ ಕಟ್ಟಿರುವ ಹಗ್ಗ ಹಿಡಿದು ಕೈಯಲ್ಲೇ ದೋಣಿ ಎಳೆಯುತ್ತಾರೆ. ತಲೆಯ ಮೇಲೆ ಸಾವಿರಾರು ನೀಲಿ ಹಸಿರು ಚುಕ್ಕಿ. ಎಲ್ಲರೂ ನಕ್ಷತ್ರದ ಹಾಗೆ ಅಂತಾರೆ. ನನಗೆ ಮೊದಲು ಕಂಡದ್ದು, ಇವು ಮಿನುಗುವುದಿಲ್ಲ, ಒಂದೇ ಸಮ ಉರಿಯುತ್ತವೆ. ನಮ್ಮ ಮಿಣುಕುಹುಳ ಅಂದುಕೊಳ್ಳಬೇಡಿ, ಅದು ದುಂಬಿಯ ಜಾತಿ. ಇದು ಸೊಳ್ಳೆಯಷ್ಟಿರುವ ಒಂದು ನೊಣದ ಮರಿಹುಳ, ನ್ಯೂಜಿಲೆಂಡ್ ಬಿಟ್ಟು ಬೇರೆಲ್ಲೂ ಈ ಜಾತಿ ಇಲ್ಲ. ಚಾವಣಿಗೆ ಅಂಟಿಕೊಂಡು, ಬಾಯಿಂದ ಅಂಟು ಹನಿ ಇರುವ ರೇಷ್ಮೆ ಎಳೆಗಳನ್ನು ಸಾಲಾಗಿ ಇಳಿಬಿಡುತ್ತದೆ. ಹೊಳೆಯ ನೀರಿನ ಜೊತೆ ಒಳಗೆ ಬಂದ ಸಣ್ಣ ಹುಳಗಳು ಬೆಳಕು ಕಂಡು ಮೇಲೆ ಹಾರಿ ಎಳೆಗೆ ಸಿಕ್ಕಿಬೀಳುತ್ತವೆ. ಹಸಿದ ಹುಳವೇ ಜಾಸ್ತಿ ಹೊಳೆಯುತ್ತದೆ. ನಾವು ಬಾಯಿ ತೆರೆದು ನೋಡುವುದು ಅವುಗಳ ಹೊಟ್ಟೆ ಹಸಿವನ್ನು! ಸುಮಾರು ಒಂಬತ್ತು ತಿಂಗಳು ಹೀಗೆ ಬೇಟೆಯಾಡಿ ತಿಂದು ಬೆಳೆದ ಮೇಲೆ ರೆಕ್ಕೆ ಬರುತ್ತದೆ. ಆಗ ತಿನ್ನಲು ಬಾಯೇ ಇರುವುದಿಲ್ಲ. ಕೂಡಿ, ಮೊಟ್ಟೆ ಇಟ್ಟು, ಕೆಲವೇ ದಿನದಲ್ಲಿ ಸಾಯುತ್ತದೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಡಿ, ದೋಣಿಯಲ್ಲಿ ಪ್ರಶ್ನೆ ಕೇಳುವ ಹಾಗಿಲ್ಲ. ಬೆಳಕು ತಾಗಿದರೆ ಹುಳ ಮಂಕಾಗುತ್ತದೆ. ಅದಕ್ಕೇ ಫೋಟೋ, ವಿಡಿಯೋ ಕೂಡ ಇಲ್ಲ. ಗ್ರೂಪಿಗೆ ಹಾಕಲು ಏನೂ ಸಿಗುವುದಿಲ್ಲ, ಭಾವ.

ದೊಡ್ಡಪ್ಪನಿಗೆ ಇಷ್ಟವಾಗುವ ಭಾಗ ಇನ್ನೊಂದಿದೆ. 1887ರಲ್ಲಿ ಅಲ್ಲಿನ ಮೂಲನಿವಾಸಿ ಮಾವೊರಿ ಜನರ ಮುಖಂಡ ಟಾನೆ ಟಿನೊರಾವು, ಫ್ರೆಡ್ ಮೇಸ್ ಅನ್ನುವ ಇಂಗ್ಲಿಷ್ ಸರ್ವೇಯರ್ ಜೊತೆ ನಾರುಗಿಡದ ದಂಟಿನ ತೆಪ್ಪ ಕಟ್ಟಿಕೊಂಡು, ಮೇಣದಬತ್ತಿ ಹಿಡಿದು, ಹೊಳೆ ಗುಹೆ ಹೊಕ್ಕುವ ಕಡೆಯಿಂದ ಒಳಗೆ ಹೋದರು. 1889ರಲ್ಲೇ ಟಿನೊರಾವು ಜನರಿಗೆ ಗುಹೆ ತೋರಿಸಲು ಶುರು ಮಾಡಿದರು. 1906ರಲ್ಲಿ ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. ಆ ಮನೆತನದವರಿಗೆ ವಾಪಸ್ ಸಿಕ್ಕಿದ್ದು 1989ರಲ್ಲಿ. ಇವತ್ತಿಗೂ ಅಲ್ಲಿನ ಗೈಡ್‌ಗಳಲ್ಲಿ ಹಲವರು ಅದೇ ವಂಶದವರು. ಹೊರಗೆ ಬಂದ ಮೇಲೆ ಗೈಡ್‌ನ ಹತ್ತಿರ ನಿಂತು ಎರಡು ಮಾತಾಡಿ. ನನಗೆ ಗುಹೆಯ ಜೊತೆ ಗೈಡ್ ಹೇಳಿದ ಮನೆ ಕಥೆಯೂ ಅಷ್ಟೇ ಚೆನ್ನಾಗಿ ನೆನಪಿದೆ.

ಚಿಕ್ಕಪ್ಪನ ಮಂಡಿ. ಹಾಬಿಟನ್‌ನಲ್ಲಿ ಬಸ್ಸು ಸೆಟ್ಟಿನವರೆಗೂ ಬಿಡುತ್ತದೆ, ಆಮೇಲೆ ಏರು ಇಳಿಜಾರಿನ ಜಲ್ಲಿ ದಾರಿ. ನಿಧಾನಕ್ಕೆ ನಡೆದರೆ ಆಗುತ್ತದೆ, ಗುಡ್ಡದ ತುದಿ ಬೇಡ ಅನ್ನಿಸಿದರೆ ಕೆಳಗೇ ನಿಂತು ಕಾಯುವ ವ್ಯವಸ್ಥೆ ಇದೆಯಾ ಅಂತ ಮೊದಲೇ ಗೈಡ್‌ಗೆ ಕೇಳಿ. ಗುಹೆಯಲ್ಲಿ ಮೆಟ್ಟಿಲು ಇದೆ, ಒದ್ದೆ ಇರುತ್ತದೆ, ಕತ್ತಲಲ್ಲಿ ದೋಣಿಗೆ ಹತ್ತಿ ಕೂರಬೇಕು. ಕೈಹಿಡಿ ಇದೆ. ಮೆಟ್ಟಿಲು ಇಳಿಯುವುದೇ ಕಷ್ಟ ಅನ್ನುವ ಹಾಗಿದ್ದರೆ ಪಕ್ಕದಲ್ಲೇ ರುವಾಕುರಿ ಅಂತ ಬೇರೆ ಗುಹೆ ಇದೆ. ಅಲ್ಲಿ ಸುತ್ತು ಸುತ್ತಾಗಿ ಇಳಿಯುವ ರ್‍ಯಾಂಪ್, ವೀಲ್‌ಚೇರ್ ಕೂಡ ಹೋಗುತ್ತದೆ, ಹುಳಗಳೂ ಕಾಣುತ್ತವೆ. ಆದರೆ ಅದಕ್ಕೆ ಸಮಯ ಜಾಸ್ತಿ ಬೇಕು, ಒಂದು ದಿನದ ಟೂರ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾದಲ್ಲಿ ಎರಡು ದಿನ ಮಾಡಿಕೊಳ್ಳುವುದೇ ಸರಿ.

ಬುಕ್ ಮಾಡುವ ಮುಂಚೆ ಭಾವ ಕೇಳಬೇಕಾದ್ದು: ಎರಡೂ ಜಾಗದ ಟಿಕೆಟ್ ಸೇರಿದೆಯಾ, ಬರೀ ಬಸ್ ಚಾರ್ಜ್ ಅಲ್ಲವಲ್ಲ? ಯಾವ ಗುಹೆ? ದೊಡ್ಡ ಕೋಚಾ, ಚಿಕ್ಕ ವ್ಯಾನಾ? ಹೆಚ್ಚು ದುಡ್ಡಾದರೂ ಚಿಕ್ಕ ವ್ಯಾನ್ ಒಳ್ಳೆಯದು. ನಾನೊಮ್ಮೆ ದೊಡ್ಡ ಬಸ್ಸಿನಲ್ಲಿ ಹೋದಾಗ ಎಲ್ಲ ನಿಲುಗಡೆಯಲ್ಲೂ ಅರ್ಧ ಹೊತ್ತು ಶೌಚಾಲಯದ ಸಾಲಿನಲ್ಲೇ ಕಳೆಯಿತು. ಊಟ ಸೇರಿದ್ದರೆ ಮೊಟ್ಟೆ ಕೂಡ ಬೇಡ ಅಂತ ಬರೆದೇ ತಿಳಿಸಿ, ಬಾಯಲ್ಲಿ ಹೇಳಿದ್ದು ಅಡುಗೆಮನೆಗೆ ತಲುಪುವುದಿಲ್ಲ. ಜೋರು ಮಳೆ ಬಂದು ಹೊಳೆ ಏರಿದರೆ ದೋಣಿ ನಿಲ್ಲಿಸುತ್ತಾರೆ, ಆಗ ದುಡ್ಡು ವಾಪಸ್ ಕೊಡುತ್ತಾರಾ ಅಂತಲೂ ಕೇಳಿ. ಮತ್ತೆ, ನಿಮ್ಮ ಪ್ಲ್ಯಾನ್‌ನಲ್ಲಿ ರೊಟೊರುವಾ ಊರೂ ಇದ್ದರೆ ಸಂಜೆ ಅಲ್ಲೇ ಇಳಿಸುವ ಟೂರ್‌ಗಳೂ ಇವೆ. ಬೆಳಿಗ್ಗೆ ಗುಹೆ, ಮಧ್ಯಾಹ್ನ ಹಾಬಿಟನ್, ರಾತ್ರಿ ರೊಟೊರುವಾದಲ್ಲಿ ಮಲಗುವುದು. ಆಕ್ಲೆಂಡ್‌ಗೆ ವಾಪಸ್ ಬರುವ ದಾರಿ ಉಳಿಯಿತು. ಆಕ್ಲೆಂಡ್‌ಗೇ ಮರಳುವುದಾದರೆ ಹಾಬಿಟನ್ ಮೊದಲು ಇರುವ ಟೂರ್ ಆರಿಸಿ. ಬೆಳಕು ಬೇಕಾಗಿರುವುದು ಅಲ್ಲಿ, ಗುಹೆಗೆ ಯಾವ ಹೊತ್ತಾದರೂ ಒಂದೇ.

ಎಲ್ಲರಿಗೂ ಒಂದೊಂದು ಸ್ವೆಟರ್, ಜಾರದ ಶೂ. ಚಪ್ಪಲಿ ಬೇಡ ಅಂತ ಚಿಕ್ಕಪ್ಪನಿಗೆ ನೀವೇ ಹೇಳಿ, ನನ್ನ ಮಾತು ಕೇಳುವುದಿಲ್ಲ. ರೊಟೊರುವಾ ಇದೆಯಾ ಇಲ್ಲವಾ ಅಂತ ಇವತ್ತು ರಾತ್ರಿಯೊಳಗೆ ತಿಳಿಸಿದರೆ ಅದಕ್ಕೆ ತಕ್ಕ ಟೂರ್ ಹುಡುಕಿ ಭಾವನಿಗೆ ಕಳಿಸುತ್ತೇನೆ.