ಸಿಸ್‌ಪ್ಲಾಟಿನ್ ಕೊಟ್ಟರೆ ಕಾಮೆಟ್ ಬಾಲ ಉದ್ದ ಆಗೋದು ಬಿಟ್ಟು ಗಿಡ್ಡ ಆಗ್ತಿದೆ, ಜೊತೆಗೆ ಜೆಲ್ ಜಾರ್ತಿದೆ

ಕೋಟೆ_ಕಲ್ಲು (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಅಂಡಾಶಯದ ಕ್ಯಾನ್ಸರಿನ ಎ2780 ಸೆಲ್‌ಗಳು ಮತ್ತು ಅವುಗಳಿಂದಲೇ ತಯಾರಾದ, ಸಿಸ್‌ಪ್ಲಾಟಿನ್‌ಗೆ (ಪ್ಲಾಟಿನಮ್ ಇರೋ ಕ್ಯಾನ್ಸರ್ ಔಷಧಿ) ಜಗ್ಗದ ಎ2780ಸಿಸ್, ಈ ಜೋಡಿ ಮೇಲೆ ನನ್ನ ಕೆಲಸ. ಎಂಟಿಟಿ (ಎಷ್ಟು ಸೆಲ್ ಬದುಕಿವೆ ಅಂತ ಅಳೆಯೋ ಟೆಸ್ಟ್) ಚೆನ್ನಾಗೇ ಬರ್ತಿದೆ. 72 ಗಂಟೆ ಬಿಟ್ಟರೆ ಮೂಲ ಸೆಲ್ ಸಾಯುತ್ತೆ, ಅದೇ ಡೋಸ್ ರೆಸಿಸ್ಟೆಂಟ್ ಸೆಲ್‌ಗೆ ಲೆಕ್ಕಕ್ಕೇ ಇಲ್ಲ.

ತೊಂದರೆ ಇರೋದು ಕಾಮೆಟ್‌ನಲ್ಲಿ. ಡಿಎನ್‌ಎ ರಿಪೇರಿ ಎಷ್ಟು ಬೇಗ ನಡೆಯುತ್ತೆ ಅಂತ ನೋಡೋಕೆ ಆಲ್ಕಲೈನ್ ಕಾಮೆಟ್ ಹಾಕಿದೆ, ಅಂದರೆ ಸೆಲ್‌ಗಳನ್ನ ಸ್ಲೈಡ್ ಮೇಲಿನ ಜೆಲ್‌ನಲ್ಲಿ ಕೂರಿಸಿ, ಒಡೆದು, ಕ್ಷಾರದಲ್ಲಿ ಕರೆಂಟ್ ಹಾಯಿಸೋ ಟೆಸ್ಟ್; ತುಂಡಾದ ಡಿಎನ್‌ಎ ಧೂಮಕೇತುವಿನ ಬಾಲದ ಹಾಗೆ ಹೊರಗೆ ಹರಿಯುತ್ತೆ. ಔಷಧಿ ಕೊಟ್ಟ ಸೆಲ್‌ಗಳಿಗೆ ಬಾಲ ಉದ್ದ ಬರಬೇಕಿತ್ತು. ಬಂದಿದ್ದು ಉಲ್ಟಾ: ಕಂಟ್ರೋಲ್‌ನಲ್ಲಿ ಕಾಣೋ ಚೂರುಪಾರು ಬಾಲವೂ ಔಷಧಿ ಕೊಟ್ಟ ಸ್ಲೈಡಲ್ಲಿ ಇಲ್ಲ. ಎರಡೂ ಸೆಲ್‌ಗಳಲ್ಲಿ ಇದೇ ಕಥೆ. ನಮ್ಮ ಗೈಡ್ "ಔಷಧಿ ಹಳೇದಾಗಿರಬೇಕು, ಬೇರೆ ತರಿಸು" ಅಂತಾರೆ. ಲ್ಯಾಬಿನ ಸೀನಿಯರ್ "ರಿಪೇರಿ ಅಷ್ಟು ಫಾಸ್ಟ್ ಆಗಿದೆ, ಬರೆದುಬಿಡು" ಅಂತಾರೆ. ನನಗೆ ಎರಡೂ ಒಪ್ಪಿಗೆಯಾಗ್ತಿಲ್ಲ. ಔಷಧಿ ಹಳೇದಾದರೆ ಎಂಟಿಟಿಯಲ್ಲಿ ಸೆಲ್ ಯಾಕೆ ಸಾಯಬೇಕು?

ಇನ್ನೊಂದು ತಲೆನೋವು ಜೆಲ್. ಕವರ್‌ಸ್ಲಿಪ್ ಎತ್ತಿದರೆ ಜೆಲ್ ಅದರ ಜೊತೆಗೇ ಎದ್ದು ಬರುತ್ತೆ. ಉಳಿದದ್ದು ಬೆಳಿಗ್ಗೆ ನೋಡಿದರೆ ಲೈಸಿಸ್ (ಸೆಲ್ ಒಡೆಯೋ ದ್ರಾವಣ) ಜಾರಿನ ತಳದಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿರುತ್ತೆ. ಚಳಿಗಾಲದಲ್ಲಿ ಇಷ್ಟು ಕಾಟ ಇರಲಿಲ್ಲ.

ಕಿನ್ನಾಳ_ಗೊಂಬೆ (ಊರು ಕೊಪ್ಪಳ, ಈಗ ಬೆಂಗಳೂರು)

ಉತ್ತರ ಹೇಳೋಕೆ ಮುಂಚೆ ಒಂದು ಪ್ರಶ್ನೆ. ಸಿಸ್‌ಪ್ಲಾಟಿನ್ ಯಾವುದರಲ್ಲಿ ಕರಗಿಸಿದ್ದೀರಿ? ಡಿಎಂಎಸ್‌ಒನಲ್ಲಿ (ಲ್ಯಾಬುಗಳಲ್ಲಿ ಔಷಧಿ ಕರಗಿಸೋಕೆ ಬಳಸೋ ದ್ರವ) ಅಂದರೆ ಮುಂದೆ ಓದೋದೇ ಬೇಡ. ಅದರ ಗಂಧಕ ಪ್ಲಾಟಿನಮ್‌ಗೆ ಅಂಟಿಕೊಂಡು, ಕ್ಲೋರೈಡನ್ನ ಹೊರಗೆ ತಳ್ಳಿ, ಔಷಧಿಯನ್ನೇ ಕೆಡಿಸುತ್ತೆ. ಎಷ್ಟೋ ಲ್ಯಾಬುಗಳು ಇವತ್ತಿಗೂ ಡಿಎಂಎಸ್‌ಒ ಸ್ಟಾಕ್ ಮೈನಸ್ 20ರಲ್ಲಿ ಇಟ್ಟುಕೊಂಡು "ನಮ್ಮ ಸೆಲ್ ಭಾರಿ ರೆಸಿಸ್ಟೆಂಟ್" ಅಂತ ಓಡಾಡ್ತಿವೆ.

ಕೋಟೆ_ಕಲ್ಲು

ಇಲ್ಲ ಸರ್. ಮೆಡಿಕಲ್ ಶಾಪಿನ ಇಂಜೆಕ್ಷನ್ ವಯಲ್ಲೇ ಬಳಸ್ತಿದ್ದೇನೆ, ಒಂದು ಎಂಎಲ್‌ಗೆ 1 ಮಿಲಿಗ್ರಾಂ, ಸಲೈನ್‌ನಲ್ಲಿರೋದು. ಕತ್ತಲೆ ಕಪಾಟಲ್ಲಿ ಇಟ್ಟಿದ್ದೇನೆ.

ಕಿನ್ನಾಳ_ಗೊಂಬೆ

ಒಳ್ಳೇದಾಯ್ತು. ಅಂದರೆ ಸುಮಾರು 3.3 ಮಿಲಿಮೋಲಾರ್ ಸ್ಟಾಕ್, ಡೋಸ್ ಲೆಕ್ಕ ಹಾಕೋಕೆ ಧಾರಾಳ ಸಾಕು. ಫ್ರಿಜ್ಜಲ್ಲಿ ಮಾತ್ರ ಇಡಬೇಡಿ, ಹಳದಿ ಹರಳು ಕೆಳಗೆ ಕೂರುತ್ತೆ.

ಈಗ ವಿಷಯಕ್ಕೆ ಬರ್ತೀನಿ. ನಿಮ್ಮ ಕಾಮೆಟ್ ಕೆಟ್ಟಿಲ್ಲ. ಸಿಸ್‌ಪ್ಲಾಟಿನ್ ಏನು ಮಾಡುತ್ತೋ ಅದನ್ನೇ ತೋರಿಸ್ತಿದೆ.

ಕಾಮೆಟ್‌ನಲ್ಲಿ ಬಾಲ ಬರೋದು ಡಿಎನ್‌ಎ ಎಳೆ ತುಂಡಾದಾಗ. ಸಿಸ್‌ಪ್ಲಾಟಿನ್ ಎಳೆ ತುಂಡು ಮಾಡೋ ಔಷಧಿಯೇ ಅಲ್ಲ, ಅಂಟಿಸೋ ಔಷಧಿ. ಬಹುಪಾಲು ಒಂದೇ ಎಳೆಯಲ್ಲಿ ಅಕ್ಕಪಕ್ಕ ಇರೋ ಎರಡು ಗ್ವಾನಿನ್‌ಗಳನ್ನ ಬೆಸೆಯುತ್ತೆ. ಸ್ವಲ್ಪ ಪಾಲು, ನೂರಕ್ಕೆ ಐದರೊಳಗೆ ಅಂದುಕೊಳ್ಳಿ, ಎದುರುಬದುರು ಇರೋ ಎರಡೂ ಎಳೆಗಳನ್ನ ಸೇರಿಸಿ ಹೊಲಿಗೆ ಹಾಕಿದ ಹಾಗೆ ಹಿಡಿದುಬಿಡುತ್ತೆ. ಈ ಅಡ್ಡಬೆಸುಗೆ ಇರೋ ಕಡೆ ಕ್ಷಾರದಲ್ಲೂ ಎಳೆಗಳು ಬಿಡಿಸಿಕೊಳ್ಳಲ್ಲ, ಕರೆಂಟ್ ಕೊಟ್ಟರೂ ಡಿಎನ್‌ಎ ತಲೆಯಿಂದ ಹೊರಗೆ ಹರಿಯಲ್ಲ. ಕಂಟ್ರೋಲ್‌ನಲ್ಲಿದ್ದ ಸಣ್ಣ ಬಾಲವೂ ಮಾಯ ಆಗಿದ್ದು ಇದಕ್ಕೇ. ನಿಮ್ಮ ಸೀನಿಯರ್ ರಿಪೇರಿ ಅಂದುಕೊಂಡಿರೋದು ನಿಜಕ್ಕೂ ಡ್ಯಾಮೇಜು. ಅದನ್ನ ಬರೆದುಬಿಟ್ಟರೆ ಪೇಪರ್ ರಿವ್ಯೂ ಮಾಡೋರು ಮೊದಲ ಪುಟದಲ್ಲೇ ಹಿಡೀತಾರೆ.

ಹಾಗಾಗಿ ಕಾಮೆಟನ್ನೇ ತಿರುಗಿಸಿ ಬಳಸಬೇಕು. ಸಿಸ್‌ಪ್ಲಾಟಿನ್ ಕೊಟ್ಟಾದ ಮೇಲೆ, ಲೈಸಿಸ್‌ಗೆ ಸ್ವಲ್ಪ ಮುಂಚೆ, ಎಲ್ಲಾ ಸೆಲ್‌ಗಳಿಗೂ ಬೇಕಂತಲೇ ಒಂದೇ ಅಳತೆಯಲ್ಲಿ ಎಳೆ ತುಂಡಾಗೋ ಹಾಗೆ ಮಾಡಿ. ರೇಡಿಯೇಷನ್ ಇದ್ದರೆ ಅದೇ ಉತ್ತಮ. ಇಲ್ಲದಿದ್ದರೆ ಹೈಡ್ರೋಜನ್ ಪೆರಾಕ್ಸೈಡ್, 50ರಿಂದ 100 ಮೈಕ್ರೋಮೋಲಾರ್, ಐಸ್ ಮೇಲೆ 5 ನಿಮಿಷ. ಇಲ್ಲಿಂದ ಶುರು ಮಾಡಿ ನಿಮ್ಮ ಸೆಲ್‌ಗೆ ಹೊಂದಿಸಿಕೊಳ್ಳಿ. ಆಗ ಔಷಧಿ ಇಲ್ಲದ ಸೆಲ್‌ಗೆ ಉದ್ದ ಬಾಲ ಬರುತ್ತೆ, ಅಡ್ಡಬೆಸುಗೆ ಇರೋ ಸೆಲ್‌ಗೆ ಬಾಲ ಮೊಟಕಾಗುತ್ತೆ. ಎಷ್ಟು ಮೊಟಕಾಯ್ತು ಅನ್ನೋದೇ ನಿಮ್ಮ ಅಳತೆ:

ಇಳಿಕೆ % = [1 − (ಔಷಧಿ+ಪೆರಾಕ್ಸೈಡ್ − ಏನೂ ಕೊಡದ್ದು) ÷ (ಬರೀ ಪೆರಾಕ್ಸೈಡ್ − ಏನೂ ಕೊಡದ್ದು)] × 100

ಎಲ್ಲ ಕಡೆ ಟೈಲ್ ಮೊಮೆಂಟ್ (ಬಾಲದ ಉದ್ದ, ಅದರಲ್ಲಿರೋ ಡಿಎನ್‌ಎ ಪಾಲು ಎರಡೂ ಸೇರಿದ ಅಳತೆ) ಹಾಕಿ. ಪೆರಾಕ್ಸೈಡ್ ಬಾಟಲಿ ತೆಗೆದಷ್ಟೂ ಶಕ್ತಿ ಕಳ್ಕೊಳ್ಳುತ್ತೆ, ಲೇಬಲ್ ಮೇಲಿನ 30% ನಂಬಬೇಡಿ. ಸ್ಪೆಕ್ಟ್ರೋದಲ್ಲಿ (ದ್ರಾವಣ ಎಷ್ಟು ಬೆಳಕು ಹೀರುತ್ತೆ ಅಂತ ಅಳೆಯೋ ಯಂತ್ರ) 240 ನ್ಯಾನೋಮೀಟರ್‌ಗೆ ಓದಿ, 43.6ರಿಂದ ಭಾಗಿಸಿದರೆ ಮೋಲಾರ್ ಸಿಗುತ್ತೆ.

ಹಟ್ಟಿ_ಹುಡುಗ (ರಾಯಚೂರು)

ಮೇಡಮ್ರಿ, ನಿಮ್ಮ ಜೆಲ್ ವಿಷಯ ನಾ ಹೇಳ್ತೀನಿ. ನಾವು ಕಾಮೆಟ್ ಹಾಕೋದು ಕೀಟನಾಶಕದ ಕೆಲಸಕ್ಕ, ಆದ್ರ ಬಿಸಿಲು ಇಬ್ಬರಿಗೂ ಒಂದೇ.

ಲೋ ಮೆಲ್ಟಿಂಗ್ ಅಗರೋಸ್ (ಈ ಜೆಲ್ ಮಾಡೂ ಪುಡಿ) ಗಟ್ಟಿ ಆಗೋದು 26ರಿಂದ 30 ಡಿಗ್ರಿ ನಡುವ. ಪ್ರೋಟೋಕಾಲ್ ಬರದವ್ರ "ರೂಮ್ ಟೆಂಪರೇಚರ್" ಅಂದ್ರ 22-25. ನಮ್ಮ ಕಡಿ ಮೇ ತಿಂಗಳಾಗ ಏಸಿ ಇಲ್ಲದ ಲ್ಯಾಬಿನ ಬೆಂಚ್ ಮುಟ್ಟಿ ನೋಡ್ರಿ, ಗೊತ್ತಾಗ್ತದ. ಅಲ್ಲಿ ಅದು ಗಟ್ಟಿನೇ ಆಗಂಗಿಲ್ಲ, ಆದಂಗ ಕಾಣ್ತದ ಅಷ್ಟ. ನೀವು ಕವರ್‌ಸ್ಲಿಪ್ ಎತ್ತೂದಕ್ಕ ಕಾಯ್ಕೊಂಡು ಕುಂತಿರ್ತದ.

ನಾವು ಮಾಡೋದು ಹಿಂಗ. ಸ್ಲೈಡನ್ನ ಹಿಂದಿನ ದಿನನೇ 1% ಸಾದಾ ಅಗರೋಸ್‌ನಾಗ ಅದ್ದಿ, ಹಿಂದಿನ ಮೈ ಒರೆಸಿ, ಪೂರ್ತಿ ಒಣಗಿಸಿ ಇಡ್ತೀವಿ. ಒಣಗಿಸೂದಕ್ಕ ನಮ್ಮ ಬಿಸಿಲಿನಷ್ಟು ಒಳ್ಳೇದು ಯಾವ್ದೂ ಇಲ್ಲ, ಆ ಒಂದ್ ಉಪಕಾರ ಐತಿ ಅದರಿಂದ. ಮರುದಿನ ಸ್ಟೀಲ್ ತಟ್ಟಿ ಬೋರಲು ಹಾಕಿ, ಅದರ ಕೆಳಗ ಐಸ್ ಪ್ಯಾಕ್ ಇಟ್ಟು, ಮ್ಯಾಲ ಸ್ಲೈಡ್ ಜೋಡಿಸ್ತೀವಿ. ಸೆಲ್ ಕಲಸಿದ ಅಗರೋಸ್ 37 ಡಿಗ್ರಿದಾಗ ಇರ್ಲಿ, ಹಾಕಿ ಕವರ್‌ಸ್ಲಿಪ್ ಮುಚ್ಚಿ ಹತ್ತು ನಿಮಿಷ ಬಿಡ್ರಿ. ಎತ್ತಬ್ಯಾಡ್ರಿ, ಪಕ್ಕಕ್ಕ ಸರಿಸಿ ತೆಗೀರಿ. ಲೈಸಿಸ್ ದ್ರಾವಣ ಫ್ರಿಜ್ಜಿನಿಂದ ತೆಗದಿದ್ದೇ ಇರಬೇಕು, ಟ್ರೈಟನ್ (ಸೋಪಿನಂಥಾ ರಾಸಾಯನಿಕ) ಆವಾಗಿಂದಾವಾಗ ಬೆರೆಸ್ರಿ.

ಓಡಿಸುವಾಗ ಟ್ಯಾಂಕನ್ನೂ ಐಸ್ ಟ್ರೇದಾಗ ಕೂಡಿಸ್ರಿ. 300 ಮಿಲಿಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಬಫರ್ ಬೆಚ್ಚಗಾದ್ರ ಜೆಲ್ ಮತ್ತ ಸಡಿಲಾಗ್ತದ. ಸೆಂಟಿಮೀಟರಿಗೆ 0.7ರಿಂದ 1 ವೋಲ್ಟ್ ಇಟ್ಟು, ಕರೆಂಟ್ 300 ಮಿಲಿಆಂಪ್‌ಗ ಬರೂ ಹಂಗ ಬಫರ್ ಹೆಚ್ಚು ಕಡಿಮಿ ಮಾಡ್ಕೊಳ್ರಿ. ಯುಪಿಎಸ್ ಇಲ್ದ ಹಾಕಬ್ಯಾಡ್ರಿ. ಊರಾಗ ಥರ್ಮಲ್ ಇಟ್ಕೊಂಡೂ ಕರೆಂಟಿಗೆ ಕಾಯೂದು ನಮ್ಮಿಬ್ಬರ ಹಣೆಬರಹ.

ಸಿಂಧನೂರು_ಭತ್ತ

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾನು ಸೈನ್ಸ್‌ನವನಲ್ಲ. ನಮ್ಮ ಚಿಕ್ಕಮ್ಮಗೆ ಇದೇ ಕ್ಯಾನ್ಸರ್. ಇದೇ ಪ್ಲಾಟಿನಮ್ ಔಷಧಿ ಕೊಟ್ಟಾಗ ಕಡಿಮೆ ಆಗಿತ್ತು, ಈಗ ಮತ್ತೆ ಬಂದಿದೆ. ನೀವು ಮಾಡೋ ಈ ಬಾಲದ ಟೆಸ್ಟ್ ಅವರಿಗೆ ಮಾಡಿಸಿದರೆ ಔಷಧಿ ಹಿಡಿಯುತ್ತೋ ಇಲ್ಲವೋ ಗೊತ್ತಾಗುತ್ತಾ?

ಕಿನ್ನಾಳ_ಗೊಂಬೆ

ಕ್ಷಮೆ ಯಾಕೆ ಸರ್, ಕೇಳಬೇಕಾದ ಮಾತೇ. ಇಲ್ಲ, ಈ ಟೆಸ್ಟ್ ಪೇಶೆಂಟ್‌ಗೆ ಮಾಡೋದಲ್ಲ, ತಟ್ಟೆಯಲ್ಲಿ ಬೆಳೆಸಿದ ಸೆಲ್‌ಗೆ. ಇದಕ್ಕೆ ದುಡ್ಡು ಕೊಡಿ ಅಂತ ಯಾರಾದರೂ ಕೇಳಿದರೆ ಕೊಡಬೇಡಿ.

ಡಾಕ್ಟರು ಮೊದಲು ನೋಡೋದು ಕೊನೆ ಪ್ಲಾಟಿನಮ್ ಡೋಸ್ ಆಗಿ ಎಷ್ಟು ತಿಂಗಳಿಗೆ ಕಾಯಿಲೆ ಮರಳಿ ಬಂತು ಅಂತ. 6 ತಿಂಗಳು ದಾಟಿದ್ದರೆ ಸಾಮಾನ್ಯವಾಗಿ ಅದೇ ಗುಂಪಿನ ಔಷಧಿ ಮತ್ತೆ ಕೊಡೋ ಯೋಚನೆ ಮಾಡ್ತಾರೆ. ಆ ತಾರೀಕು ಇರೋ ಹಳೇ ಫೈಲ್ ಜೊತೆಗೆ ಒಯ್ಯಿರಿ. ಬಿಆರ್‌ಸಿಎ ಜೀನ್ ಟೆಸ್ಟ್ ಆಗಿದೆಯಾ ಅಂತಲೂ ಕೇಳಿ. ಅದರಲ್ಲಿ ದೋಷ ಇದ್ದರೆ ಓಲಾಪರಿಬ್ ಥರದ ಮಾತ್ರೆಗಳು ಕೆಲಸಕ್ಕೆ ಬರ್ತವೆ. ಸೆಲ್‌ನ ಒಂದು ರಿಪೇರಿ ದಾರಿ ಆಗಲೇ ಕೆಟ್ಟಿರುತ್ತೆ, ಈ ಮಾತ್ರೆ ಇನ್ನೊಂದನ್ನೂ ಮುಚ್ಚುತ್ತೆ. ಬೆಂಗಳೂರಿನವರೆಗೆ ಹೋಗೋದು ಕಷ್ಟ ಅಂದರೆ ಕಿದ್ವಾಯಿಯವರ ಕೇಂದ್ರ ಕಲಬುರಗಿಯಲ್ಲೂ ಇದೆ. ಚಿಕ್ಕಮ್ಮ ಹುಷಾರಾಗಲಿ.

ಕೋಟೆ_ಕಲ್ಲು

ಹಟ್ಟಿಯವರೇ, ಸ್ಟೀಲ್ ತಟ್ಟೆ ಐಡಿಯಾ ಭರ್ಜರಿ! ಒಂದು ಸ್ಲೈಡೂ ಜಾರಲಿಲ್ಲ.

ಸರ್, ಪೆರಾಕ್ಸೈಡ್ ಹಾಕಿ ನೋಡಿದೆ. ಮೂಲ ಸೆಲ್‌ನಲ್ಲಿ ನೀವು ಹೇಳಿದ ಹಾಗೇ ಆಯ್ತು, ಔಷಧಿ ಕೊಟ್ಟದ್ದಕ್ಕೆ ಬಾಲ ಎದ್ದು ಕಾಣೋ ಹಾಗೆ ಮೊಟಕು. ಆದರೆ ರೆಸಿಸ್ಟೆಂಟ್ ಸೆಲ್‌ಗೆ ಔಷಧಿ ಇಲ್ಲದೆ ಬರೀ ಪೆರಾಕ್ಸೈಡ್ ಕೊಟ್ಟರೂ ಬಾಲ ಅಷ್ಟು ಉದ್ದ ಬರ್ತಿಲ್ಲ. ಎರಡನ್ನೂ ನೋಡಿದ್ದು ಸಿಸ್‌ಪ್ಲಾಟಿನ್ ಕೊಟ್ಟ 2 ಗಂಟೆಗೆ. ಜೊತೆಗೆ ಗೈಡ್ ಇಆರ್‌ಸಿಸಿ1 (ಡಿಎನ್‌ಎ ರಿಪೇರಿ ಪ್ರೋಟೀನ್) ಎಷ್ಟಿದೆ ಅಂತ ಆಂಟಿಬಾಡಿಯಿಂದ ನೋಡೋ ವೆಸ್ಟರ್ನ್ ಬ್ಲಾಟ್ ಮಾಡು ಅಂತಿದ್ದಾರೆ, ಆಂಟಿಬಾಡಿ ಆರ್ಡರ್ ಹಾಕಲಾ?

ಕಿನ್ನಾಳ_ಗೊಂಬೆ

ಪೆರಾಕ್ಸೈಡ್ ವಿಚಾರ ಮೊದಲು. ಸಿಸ್‌ಪ್ಲಾಟಿನ್‌ಗೆ ಪಳಗಿದ ಸೆಲ್‌ಗಳಲ್ಲಿ ಗ್ಲುಟಾಥಯೋನ್ (ಸೆಲ್ ತನ್ನ ರಕ್ಷಣೆಗೆ ಇಟ್ಟುಕೊಳ್ಳೋ ಸಣ್ಣ ಅಣು) ಜಾಸ್ತಿ ಇರೋದು ಮಾಮೂಲು. ಅದು ಪ್ಲಾಟಿನಮನ್ನೂ ಹಿಡಿಯುತ್ತೆ, ಪೆರಾಕ್ಸೈಡನ್ನೂ ತಿನ್ನುತ್ತೆ. ರೇಡಿಯೇಷನ್ ಉತ್ತಮ ಅಂದಿದ್ದು ಇದಕ್ಕೇ. ಒಂದು ಸೆಲ್‌ನ ಕಂಟ್ರೋಲ್ ಇನ್ನೊಂದಕ್ಕೆ ಬಳಸಬೇಡಿ, ಪ್ರತಿ ಸೆಲ್‌ಗೂ ಅದರದ್ದೇ "ಬರೀ ಪೆರಾಕ್ಸೈಡ್" ಸ್ಲೈಡ್ ಇರಲಿ. ಬೇಕಿದ್ದರೆ ರೆಸಿಸ್ಟೆಂಟ್ ಸೆಲ್‌ಗೆ ಪೆರಾಕ್ಸೈಡ್ ಡೋಸ್ ಏರಿಸಿ ಇಬ್ಬರ ಬಾಲವನ್ನೂ ಸಮಕ್ಕೆ ತನ್ನಿ.

2 ಗಂಟೆ ಬಹಳ ಬೇಗ ಆಯ್ತು. ಸಿಸ್‌ಪ್ಲಾಟಿನ್ ಮೊದಲು ಒಂದು ಕೈಯಿಂದ ಡಿಎನ್‌ಎ ಹಿಡಿಯುತ್ತೆ, ಎರಡನೇ ಕೈ ಎದುರಿನ ಎಳೆಗೆ ಸೇರೋಕೆ ಗಂಟೆಗಟ್ಟಲೆ ಬೇಕು. ಒಂದು ಗಂಟೆ ಔಷಧಿ ಕೊಟ್ಟು, ತೊಳೆದು, ಔಷಧಿ ಇಲ್ಲದ ಮೀಡಿಯಾ ಹಾಕಿ. ಅಡ್ಡಬೆಸುಗೆ ತುದಿಗೇರೋದು 9ರಿಂದ 12 ಗಂಟೆ ಸುಮಾರಿಗೆ. ಆಮೇಲೆ 24, 48 ಗಂಟೆಗೆ ಮತ್ತೆ ಸ್ಲೈಡ್ ಹಾಕಿ.

ನಿಮ್ಮ ಇಡೀ ಥೀಸಿಸ್ ಇರೋದು ಈ ಮೂರು ಹೊತ್ತಿನ ನಡುವೆ. 12 ಗಂಟೆಗೆ ಎರಡೂ ಸೆಲ್‌ಗಳಲ್ಲಿ ಇಳಿಕೆ ಸಮ ಇದ್ದು, 48ಕ್ಕೆ ರೆಸಿಸ್ಟೆಂಟ್ ಸೆಲ್‌ನ ಬಾಲ ಮಾತ್ರ ವಾಪಸ್ ಬಂದರೆ ಅದು ಬೆಸುಗೆ ಬಿಚ್ಚುತ್ತಿದೆ, ಅಂದರೆ ರಿಪೇರಿ. 12 ಗಂಟೆಗೇ ರೆಸಿಸ್ಟೆಂಟ್‌ನಲ್ಲಿ ಇಳಿಕೆ ಕಡಿಮೆ ಇದ್ದರೆ ಔಷಧಿ ಡಿಎನ್‌ಎವರೆಗೆ ತಲುಪಿದ್ದೇ ಕಡಿಮೆ: ಒಳಗೆ ಬರೋದು ಕಡಿಮೆಯೋ, ಹೊರಗೆ ದಬ್ಬುತ್ತಿದೆಯೋ, ಗ್ಲುಟಾಥಯೋನ್ ನುಂಗ್ತಿದೆಯೋ. ಆಗ ರಿಪೇರಿ ಜೀನ್ ಹಿಂದೆ ಬಿದ್ದರೆ ಮೂರು ವರ್ಷ ಹಾಳು. ಎಂಟಿಟಿ ಒಂದನ್ನೇ ನೋಡಿದರೆ ಈ ಎರಡೂ ಒಂದೇ ಥರ ಕಾಣುತ್ತೆ.

ಇಆರ್‌ಸಿಸಿ1 ಬಗ್ಗೆ ಹುಷಾರು. ಎಕ್ಸ್‌ಪಿಎಫ್ ಅನ್ನೋ ಇನ್ನೊಂದು ಪ್ರೋಟೀನ್ ಜೊತೆ ಸೇರಿ ಡಿಎನ್‌ಎಗೆ ಕತ್ತರಿ ಕೆಲಸ ಮಾಡೋ ಪ್ರೋಟೀನ್ ಅದು, ನೋಡೋದು ತಪ್ಪಲ್ಲ. ಆದರೆ ಬಹಳ ಜನ ಬಳಸಿದ 8ಎಫ್1 ಆಂಟಿಬಾಡಿ ಬೇರೆ ಪ್ರೋಟೀನಿಗೂ ಅಂಟುತ್ತೆ. ಜೊತೆಗೆ ಇಆರ್‌ಸಿಸಿ1ಗೆ ನಾಲ್ಕು ರೂಪ ಇವೆ, ಸಿಸ್‌ಪ್ಲಾಟಿನ್ ಡ್ಯಾಮೇಜಿನ ರಿಪೇರಿಗೆ ಬರೋದು 202 ಅನ್ನೋ ರೂಪ ಒಂದೇ, ಆ ಆಂಟಿಬಾಡಿಗೆ ಈ ವ್ಯತ್ಯಾಸ ಗೊತ್ತಾಗಲ್ಲ. 2013ರಲ್ಲಿ ಇದು ಹೊರಬಿದ್ದ ಮೇಲೆ ಶ್ವಾಸಕೋಶದ ಕ್ಯಾನ್ಸರಿನ ಹಳೇ ಫಲಿತಾಂಶಗಳ ಮೇಲೇ ಅನುಮಾನ ಬಂತು. ಆ ದುಡ್ಡು ಸದ್ಯಕ್ಕೆ ಉಳಿಸಿಕೊಳ್ಳಿ. 12 ಗಂಟೆಯ ಸ್ಲೈಡ್ ಮೊದಲು ನೋಡಿ.

ಹಟ್ಟಿ_ಹುಡುಗ

ಸ್ಲೈಡ್ ಮ್ಯಾಲ ನಂಬರ್ ಬರದು, ಯಾವ್ದು ಯಾವ್ದಂತ ಗೊತ್ತಿಲ್ದವ್ರ ಕಡಿಂದ ಎಣಿಸ್ರಿ ಮೇಡಮ್. ಗೊತ್ತಿದ್ದವ್ರ ಕಣ್ಣಿಗೆ ಬೇಕಾದ ಬಾಲನೇ ಕಾಣ್ತದ. ಸ್ಲೈಡಿಗೆ 50 ಸೆಲ್‌ಕ್ಕಿಂತ ಕಡಿಮಿ ಬ್ಯಾಡ. ಬಾಲ ಅಳಿಯೋ ಓಪನ್‌ಕಾಮೆಟ್ ಸಾಫ್ಟ್‌ವೇರ್ ಫ್ರೀ ಐತಿ, ಇಮೇಜ್‌ಜೆ ಪ್ರೋಗ್ರಾಮ್ ಒಳಗ ಕೂಡ್ತದ.

ಕೋಟೆ_ಕಲ್ಲು

12, 24, 48 ಗಂಟೆ ಸೆಟ್ ಮುಗೀತು. ನಂಬರ್ ಹಾಕಿ ಎಂಎಸ್ಸಿ ಹುಡುಗಿಯ ಕೈಲಿ ಎಣಿಸಿಸಿದೆ. ಮೂಲ ಸೆಲ್‌ನಲ್ಲಿ 12ಕ್ಕೆ ಇಳಿಕೆ ಜೋರಾಗಿದೆ, 48ರವರೆಗೂ ಹೆಚ್ಚುಕಡಿಮೆ ಹಾಗೇ ನಿಂತಿದೆ. ರೆಸಿಸ್ಟೆಂಟ್‌ನಲ್ಲಿ 12ಕ್ಕೇ ಇಳಿಕೆ ಅರ್ಧದಷ್ಟೂ ಇಲ್ಲ. ಆ ಇದ್ದಷ್ಟೂ 48ರೊಳಗೆ ಕರಗಿದೆ. ಅಂದರೆ ಎರಡೂ ಇದೆಯಾ ಸರ್? ಗೈಡ್‌ಗೆ ತೋರಿಸಿದೆ, ಆಂಟಿಬಾಡಿ ಆರ್ಡರ್ ನಿಲ್ಲಿಸಿದ್ದಾರೆ.

ಕಿನ್ನಾಳ_ಗೊಂಬೆ

ಎರಡೂ ಇರಬಹುದು, ಈ ಸೆಲ್‌ಗಳಲ್ಲಿ ಅದು ಹೊಸದೇನಲ್ಲ. ಆದರೆ ಕಡಿಮೆ ಬೆಸುಗೆ ಬೇಗ ಕರಗೋದನ್ನೂ, ರಿಪೇರಿ ಚುರುಕಾಗಿರೋದನ್ನೂ ಬೇರೆ ಮಾಡಬೇಕು. ರೆಸಿಸ್ಟೆಂಟ್ ಸೆಲ್‌ಗೆ ಡೋಸ್ ಏರಿಸಿ, 12 ಗಂಟೆಗೆ ಇಬ್ಬರಲ್ಲೂ ಇಳಿಕೆ ಸಮ ಬರೋ ಹಾಗೆ ಹೊಂದಿಸಿ. ಅಲ್ಲಿಂದ 48ಕ್ಕೆ ಹೋಲಿಸಿದರೆ ರಿಪೇರಿ ಮಾತು ನಿಲ್ಲುತ್ತೆ.

ಔಷಧಿ ಡಿಎನ್‌ಎವರೆಗೆ ಕಡಿಮೆ ತಲುಪ್ತಿದೆಯಾ ಅನ್ನೋ ಇನ್ನೊಂದು ಪ್ರಶ್ನೆಗೆ ಪ್ಲಾಟಿನಮನ್ನೇ ಅಳೆಯಬೇಕು. ಅದಕ್ಕೆ ಐಸಿಪಿ-ಎಂಎಸ್ (ಲೋಹ ಚೂರೇ ಇದ್ದರೂ ಅಳೆಯೋ ಯಂತ್ರ) ಬೇಕು, ಸ್ಯಾಂಪಲ್ ಬೆಂಗಳೂರಿಗೋ ಹೈದರಾಬಾದಿಗೋ ಕಳಿಸಿ. ಔಷಧಿ ಕೊಟ್ಟ ಸೆಲ್‌ಗಳನ್ನ ತಣ್ಣನೆ ಪಿಬಿಎಸ್‌ನಲ್ಲಿ (ಸೆಲ್ ತೊಳೆಯೋ ಉಪ್ಪಿನ ಬಫರ್) ಚೆನ್ನಾಗಿ ತೊಳೆಯಿರಿ, ತಟ್ಟೆಗೆ ಅಂಟಿದ ಔಷಧಿ ಲೆಕ್ಕಕ್ಕೆ ಸೇರಬಾರದು. ಎಣಿಸಿ, ಅರ್ಧ ಪೆಲೆಟ್ (ತಿರುಗಿಸಿ ತಳಕ್ಕೆ ಕೂರಿಸಿದ ಸೆಲ್‌ಗಳು) ಇಡೀ ಸೆಲ್‌ನ ಅಳತೆಗೆ, ಅರ್ಧದಿಂದ ಡಿಎನ್‌ಎ ತೆಗೆದು ಇಡಿ. ಔಷಧಿ ಕೊಡದ ಸೆಲ್‌ನ ಪೆಲೆಟ್ ಒಂದು, ಬರೀ ಪಿಬಿಎಸ್ ಟ್ಯೂಬ್ ಒಂದು ಜೊತೆಗಿರಲಿ. ಫ್ರೀಜ್ ಮಾಡಿ ಡ್ರೈ ಐಸ್‌ನಲ್ಲಿ ಕಳಿಸಿ. ಬಳ್ಳಾರಿಯಿಂದ ರಾತ್ರಿ ಬಸ್ಸಿಗೆ ಯಾರಾದರೂ ಹೊರಟಿದ್ದರೆ ಕೊರಿಯರ್‌ಗಿಂತ ಅದೇ ವಾಸಿ.