ನೂರು ವರ್ಷದ ಹಿಂದೆ ಬೆಟಗೇರಿಯಲ್ಲಿ, ಜಗತ್ತಿನಲ್ಲಿ

ಪ್ರಶ್ನೆ: 1925ರ ಸುಮಾರಿಗೆ ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿದ ನಮ್ಮ ಅಜ್ಜಿ, ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕುಳಿತು ಜೋಳ ಬೀಸಿದ್ದನ್ನೂ ಚಿಮಣಿಯ ಬೆಳಕಿನಲ್ಲಿ ಉಂಡಿದ್ದನ್ನೂ ಹೇಳುತ್ತಿದ್ದರು. ಆಗ ಬೇರೆ ದೇಶಗಳಲ್ಲಿ ಬದುಕು ಎಷ್ಟು ಬದಲಾಗಿತ್ತು? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 1920ರ ನವೆಂಬರಿನಲ್ಲಿಯೇ ಚುನಾವಣೆಯ ಫಲಿತಾಂಶವನ್ನು ರೇಡಿಯೊದಲ್ಲಿ ಬಿತ್ತರಿಸಿದ್ದರು. 1908ರಲ್ಲಿ 850 ಡಾಲರ್ ಇದ್ದ ಫೋರ್ಡ್ ಮಾಡೆಲ್ ಟಿ ಕಾರಿನ ಬೆಲೆ, ಬಿಡಿಭಾಗಗಳನ್ನು ಸಾಲಾಗಿ ಜೋಡಿಸುತ್ತ ಸಾಗುವ ಪದ್ಧತಿಯಿಂದಾಗಿ, 1925ರ ಹೊತ್ತಿಗೆ 300 ಡಾಲರಿಗಿಂತ ಕೆಳಗಿಳಿದು, ಅಲ್ಲಿನ ರೈತರೂ ಕಾರು ಕೊಳ್ಳುವಂತಾಗಿತ್ತು. ಆದರೆ ಆ ರೈತರ ಮನೆಗಳಲ್ಲಿ ಬಹುಪಾಲಿಗೆ ಇನ್ನೂ ವಿದ್ಯುತ್ ಇರಲಿಲ್ಲ. ನಿಮ್ಮ ಅಜ್ಜಿಯಂತೆ ಅವರೂ ಸೀಮೆಎಣ್ಣೆಯ ದೀಪವನ್ನೇ ಹಚ್ಚುತ್ತಿದ್ದರು.

ಉತ್ತರ: ಅಷ್ಟು ದೂರ ಹೋಗಬೇಕಿಲ್ಲ. ಆಗಿನ ನಮ್ಮ ಧಾರವಾಡ ಜಿಲ್ಲೆ ಸೇರಿದ್ದ ಮುಂಬೈ ಪ್ರಾಂತ್ಯದ ರಾಜಧಾನಿಯಲ್ಲಿಯೇ 1925ರ ಫೆಬ್ರುವರಿ 3ರಂದು ಕುರ್ಲಾವರೆಗೆ ವಿದ್ಯುತ್ ರೈಲು ಓಡಿತು, 1927ರ ಜುಲೈಯಲ್ಲಿ ಬಾನುಲಿ ಕೇಂದ್ರ ಆರಂಭವಾಯಿತು. ಬೆಟಗೇರಿಯ ಜೋಡಿ ಊರಾದ ಗದಗಿಗೆ ಉಗಿಬಂಡಿ 1880ರ ದಶಕದಲ್ಲಿಯೇ ಬಂದಿತ್ತು. ಇಲ್ಲಿನ ಹತ್ತಿಯನ್ನು ದೂರದ ಪೇಟೆಗಳಿಗೆ ಒಯ್ದ ಆ ರೈಲನ್ನೇ ನಾನು ನಮ್ಮ ಭಾಗದ ದೊಡ್ಡ ಬದಲಾವಣೆ ಎನ್ನುತ್ತೇನೆ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಕೃತಜ್ಞತೆಗಳು. ನಸುಕಿನ ರೈಲಿನ ಸಿಳ್ಳು ಕೇಳಿಯೇ ಬೀಸಲು ಏಳುತ್ತಿದ್ದೆವೆಂದು ಅಜ್ಜಿ ಹೇಳಿದ್ದು ಈಗ ನೆನಪಾಯಿತು.