ಒಗರು, ಘಾಟು, ಜೋಮು: ಚಳಿಗಾಲದ ಮಸಾಲೆ ಏಲ್‌ನ ರುಚಿಗೆ ಯಾವ ಪದ?

ಪ್ರಶ್ನೆ: ಮೇಡಂ, ಬ್ರೂಪಬ್ (ಬಿಯರನ್ನು ತಾನೇ ತಯಾರಿಸಿ ಮಾರುವ ಪಬ್) ಒಂದರ ಚಳಿಗಾಲದ ಮಸಾಲೆ ಏಲ್‌ಗೆ ಅಂಕ ಹಾಕೋಕೆ ತುಮಕೂರಿನ ನಮ್ಮ ಗುಂಪು ಕನ್ನಡದಲ್ಲಿ ಚೀಟಿ ಮಾಡುತ್ತಿದೆ. ಏಲ್ ಅಂದರೆ ಒಂದು ಬಗೆಯ ಬಿಯರ್, ಇದರಲ್ಲಿ ಆಲ್ಕೋಹಾಲ್ 7 ಪರ್ಸೆಂಟ್. ಚಕ್ಕೆ, ಲವಂಗ, ಜಾಯಿಕಾಯಿ, ಕಿತ್ತಳೆ ಸಿಪ್ಪೆ ಬಿದ್ದಿವೆ. ಕರಡಿನಲ್ಲಿ ಬಾಯಿಗೆ ಹಿಡಿಸದ್ದಕ್ಕೆಲ್ಲ ‘ಕಹಿ’ ಅಂತಲೇ ಬರೆದಿದ್ದೇವೆ, ಹಳೆಯದಾದ ಬಿಯರಿಗೆ ‘ಕಮಟು’ ಅಂತ. ಒಗರು ಬೇರೆ, ಕಹಿ ಬೇರೆ ಅಂತ ಕೆಲವರ ವಾದ. ‘ಘಾಟು’ ಎಲ್ಲಿಗೆ ಸರಿ ಹೋಗುತ್ತದೆ?

ಉತ್ತರ: ಸರ್, ಒಗರು ಬೇರೆಯೇ. ಎರಡನ್ನೂ ಕಹಿ ಅಂದರೆ ಅಂಕವೂ ತಪ್ಪುತ್ತದೆ, ಏಲ್ ಮಾಡುವವರು ಸರಿಪಡಿಸುವ ಜಾಗವೂ ತಪ್ಪುತ್ತದೆ. ಬಿಯರ್ ತೀರ್ಪುಗಾರರ ಸಂಸ್ಥೆಯಾದ ಬಿಜೆಸಿಪಿಯ ಚೀಟಿಯ 50 ಅಂಕದಲ್ಲಿ ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ತಾಗುವ ಗುಣಕ್ಕೆ 5, ಒಟ್ಟಾರೆಗೆ 10. ಕಹಿ ಬರುವುದು 20ರ ಲೆಕ್ಕಕ್ಕೆ. ಒಗರು ಆ ಐದರ ಲೆಕ್ಕಕ್ಕೆ. ಒಗರನ್ನು ಕಹಿ ಅಂತ ಬರೆದವರು 20ರ ಕಡೆಯಿಂದ ಅಂಕ ಕಿತ್ತಿರುತ್ತಾರೆ.

ಪರೀಕ್ಷೆ ಸುಲಭ. ಒಂದು ಗುಟುಕು ನುಂಗಿ ನಾಲಿಗೆಯನ್ನು ಹಲ್ಲಿನ ಒಳಮೈಗೆ ಉಜ್ಜಿ ನೋಡಿ. ನೇರಳೆಹಣ್ಣು ತಿಂದ ಹಾಗೆ ತರಿತರಿ, ಬಾಯಿ ಒಣಗಿದ ಹಾಗಿದ್ದರೆ ಅದು ಒಗರು: ಟ್ಯಾನಿನ್ ಎಂಬ ಒಗರಿನ ವಸ್ತು ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಂಡಿದೆ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ತೊಳೆಯುವ ನೀರು 77 ಡಿಗ್ರಿ ದಾಟಿದರೆ, ಇಲ್ಲವೇ ಇಳಿದು ಬರುವ ರಸದ ಪಿಎಚ್ 6ರ ಮೇಲೆ ಹೋದರೆ ಟ್ಯಾನಿನ್ ಕಾಳಿನ ಹೊಟ್ಟಿನಿಂದ ಬಿಡುತ್ತದೆ. ಚಕ್ಕೆಯನ್ನು ವಾರಗಟ್ಟಲೆ ನೆನೆಹಾಕಿದರೂ ಬಿಡುತ್ತದೆ. ಹಲ್ಲು ನುಣುಪಾಗೇ ಇದ್ದು ನಾಲಿಗೆಯಲ್ಲಿ ರುಚಿ ಮಾತ್ರ ನಿಂತರೆ ಕಹಿ. ಅದಕ್ಕೆ ಮೊದಲಿಂದ ಕುದಿಸಿದ ಹಾಪ್ಸ್ (ಬಿಯರಿಗೆ ಕಹಿ ಕೊಡಲು ಹಾಕುವ ಹೂವು) ಕಾರಣ, ಇಲ್ಲವೇ ಕಿತ್ತಳೆ ಸಿಪ್ಪೆಯ ಒಳಗಿನ ಬಿಳಿ ಪದರ. ಒಗರಿಗೆ ಹಾಪ್ಸ್ ಕಡಿಮೆ ಮಾಡಿ ಏನೂ ಪ್ರಯೋಜನವಿಲ್ಲ.

ಲವಂಗ ಹೆಚ್ಚಾದರೆ ಮೂರನೆಯದು: ನಾಲಿಗೆಗೆ ಜೋಮು. ಕಾಲಿಗೆ ಹೇಳುವ ಪದವೇ ಇಲ್ಲಿಗೂ ಸಾಕು, ಹೊಸದು ಹುಟ್ಟಿಸಬೇಡಿ. ಲವಂಗದ ಯೂಜಿನಾಲ್ ಮಾಡುವ ಕೆಲಸ ಅದು, ಹಲ್ಲುನೋವಿಗೆ ಇಡುವುದೂ ಅದಕ್ಕೇ. 20 ಲೀಟರಿಗೆ ನಾಲ್ಕು ಲವಂಗ, 5 ಗ್ರಾಂ ಚಕ್ಕೆ, ತುರಿದ ಜಾಯಿಕಾಯಿ 1 ಗ್ರಾಂ, ಕುದಿತದ ಕೊನೆಯ ಐದು ನಿಮಿಷದಲ್ಲಿ: ಶುರುವಿಗೆ ಇಷ್ಟು ಸಾಕು. ಕಡಿಮೆಯಾದರೆ ಆಮೇಲೆ ಸೇರಿಸಬಹುದು, ಹೆಚ್ಚಾದದ್ದನ್ನು ತೆಗೆಯಲಾಗದು. ಲವಂಗ ಹಾಕದೆಯೂ ಅದರ ವಾಸನೆ ಬರುವುದುಂಟು, ಕೆಲವು ಯೀಸ್ಟೇ ಅದನ್ನು ಕೊಡುತ್ತದೆ. ಅದರಲ್ಲಿ ಜೋಮು ಇರದು.

ಘಾಟು ಮೂಗಿನ ಪದ. ಒಗ್ಗರಣೆಗೆ ಬಿದ್ದ ಮೆಣಸಿನಕಾಯಿ ಸೀದಾಗ ಏಳುವಂಥದ್ದು. ಯೀಸ್ಟ್ ತೀರಾ ಸೆಕೆಯಲ್ಲಿ ಹುದುಗಿದರೆ ಹುಟ್ಟುವ ಒರಟು ಆಲ್ಕೋಹಾಲಿಗೆ ಅದನ್ನು ಇಟ್ಟುಕೊಳ್ಳಿ. ಎದೆಗಿಳಿದು ಬೆಚ್ಚಗಾಗುವುದಕ್ಕೆ ‘ಬಿಸುಪು’ ಅನ್ನಿ. 7 ಪರ್ಸೆಂಟಿನ ಏಲ್‌ನಲ್ಲಿ ಬಿಸುಪು ಗುಣ, ಘಾಟು ದೋಷ. ಶುಂಠಿ ಹಾಕಿದ್ದರೆ ಅದರದ್ದು ಖಾರ, ಘಾಟಲ್ಲ.

ಕಮಟು ಬೇಡ. ತಿಪಟೂರಿನ ಸೀಮೆಯಲ್ಲಿ ಕಮಟು ಅಂದರೆ ಹಳೇ ಕೊಬ್ಬರಿ, ಹಳೇ ಎಣ್ಣೆ. ಜಿಡ್ಡು ಕೆಟ್ಟ ವಾಸನೆ. ಗಾಳಿ ತಾಗಿ ಹಳೆಯದಾದ ಬಿಯರು ನಾರುವುದು ನೆನೆದ ರಟ್ಟಿನ ಹಾಗೆ, ‘ರಟ್ಟು ವಾಸನೆ’ ಅಂತಲೇ ಹಾಕಿ. ಬೆಣ್ಣೆ ವಾಸನೆ ಬಂದರೆ ಬೆಣ್ಣೆ ಅಂತಲೇ ಬರೆಯಿರಿ. ಅದು ಡೈಅಸಿಟೈಲ್ ಎಂಬ ವಸ್ತು, ಸಾಮಾನ್ಯವಾಗಿ ಯೀಸ್ಟ್ ಕೆಲಸ ಮುಗಿಸುವ ಮೊದಲೇ ತಣ್ಣಗೆ ಮಾಡಿದ್ದರ ಗುರುತು.

ಪ್ರಶ್ನೆ: ಬಾಯಲ್ಲಿ ದಪ್ಪಗಿದೆ, ನೀರಾಗಿದೆ ಅನ್ನೋದಕ್ಕೆ?

ಉತ್ತರ: ಮಂದ, ತೆಳು. ಮಜ್ಜಿಗೆಗೆ, ಗಂಜಿಗೆ ಹೇಳುವುದೇ. ‘ಮಂದ’ವನ್ನು ರುಚಿಯ ಸಾಲಿನಲ್ಲಿ ಬರೆಯಬೇಡಿ, ಸಪ್ಪೆ ಅಂತ ಓದಿಕೊಳ್ಳುವವರಿದ್ದಾರೆ.

ಇನ್ನೊಂದು ಮಾತು. ಏಲ್ 10ರಿಂದ 13 ಡಿಗ್ರಿಯಲ್ಲಿರಲಿ. ಫ್ರಿಜ್ಜಿನಿಂದ ತೆಗೆದ ತಕ್ಷಣ ಸುರಿದರೆ ಮಸಾಲೆಯ ಘಮ ಏಳದು. ಒಬ್ಬೊಬ್ಬರಿಗೆ 100 ಮಿಲಿ, ಲೋಟ ಅರ್ಧಕ್ಕಿಂತ ಕೆಳಗೆ. ನಡುನಡುವೆ ನೀರು, ಸಪ್ಪೆ ಬ್ರೆಡ್ಡು. ತಟ್ಟೆ ಇಡ್ಲಿಯ ಹಸಿಮೆಣಸಿನಕಾಯಿ ಚಟ್ನಿ ಮುಗಿಸಿ ನೇರ ಬಂದವರನ್ನು ಒಂದು ಗಂಟೆ ಕೂರಿಸಿ, ಆಮೇಲೆ ಚೀಟಿ ಕೊಡಿ.